ಸೊಪ್ಪು ತಿಂದ ಯಜಮಾನ

ಒಂದು ಕಾಡಿನಲ್ಲಿ ವರ್ಷಕ್ಕೊಂದು ದಿನ ಯಜಮಾನ ತಗ್ಗಿನಲ್ಲಿ ಕೂರಬೇಕಿತ್ತು, ಮಿಕ್ಕವರೆಲ್ಲ ಮೇಲಿನ ಹಾಸುಬಂಡೆಯ ಮೇಲೆ ನಿಲ್ಲಬೇಕಿತ್ತು. ಮುತ್ತುಗ ಹೂ ಬಿಟ್ಟ ಹೊಸತರಲ್ಲಿ ಆ ದಿನ ಬರುತ್ತಿತ್ತು. ಯಾರು ಬೇಕಾದರೂ ಯಜಮಾನನನ್ನು ಪ್ರಶ್ನೆ ಕೇಳಬಹುದು. ಉತ್ತರ ಹಿಡಿಸದಿದ್ದರೆ ಒಂದು ಹಸಿರು ಟೊಂಗೆ ಮುರಿದು ಅವನ ಮುಂದೆ ಹಾಕಬೇಕು. ಹೊತ್ತು ನೆತ್ತಿಗೇರುವಷ್ಟರಲ್ಲಿ ಸೊಪ್ಪಿನ ರಾಶಿಯಲ್ಲಿ ಅವನ ಮುಖ ಮುಚ್ಚಿಹೋದರೆ ಯಜಮಾನಿಕೆ ಹೋಯಿತು. ಮುಖ ಕಾಣುತ್ತಿದ್ದರೆ ಇನ್ನೊಂದು ವರ್ಷ ಅವನದೇ ಕಾರುಬಾರು.

ನಾಲ್ಕು ವರ್ಷದಿಂದ ಯಜಮಾನನಾಗಿದ್ದವನು ಕೋರೆಪ್ಪನೆಂಬ ಕಾಡುಹಂದಿ. ಬಂದ ವರ್ಷವೇ ಅವನು ಉಪ್ಪುಮಣ್ಣಿನ ದಿಬ್ಬಕ್ಕೆ ಮುಳ್ಳುಬೇಲಿ ಹಾಕಿಸಿದ್ದ. ಕಾಡಿನ ಪ್ರಾಣಿಗಳಿಗೆಲ್ಲ ಉಪ್ಪು ಸಿಗುತ್ತಿದ್ದುದು ಅದೊಂದೇ ಕಡೆ.

ನೀಲವ್ವನೆಂಬ ಕಡವೆಗೆ ಆ ದಿಬ್ಬದ್ದೇ ಹಂಬಲ. ಚಿಕ್ಕವಳಿದ್ದಾಗ ಅವ್ವನ ಪಕ್ಕ ನಿಂತು ಅಲ್ಲಿ ಮಣ್ಣು ನೆಕ್ಕಿದ ರುಚಿ ಅವಳ ನಾಲಿಗೆ ಬಿಟ್ಟು ಹೋಗಿರಲಿಲ್ಲ. ಈಗ ಅವಳಿಗೇ ಒಂದು ಮರಿ. ಉಪ್ಪಿಲ್ಲದೆ ಅದರ ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ. ಕಂಡ ಕಂಡ ಕಲ್ಲನ್ನೆಲ್ಲ ನೆಕ್ಕಿ ನೋಡಿ ಸಪ್ಪೆ ಮುಖ ಮಾಡಿಕೊಂಡು ಬರುತ್ತಿತ್ತು.

ಕಾಡಿಗೆ ಸುದ್ದಿ ಹೇಳುವುದು ಗೊರವಂಕ ಹಕ್ಕಿಗಳ ಕೆಲಸ. ಆದರೆ ಕೋರೆಪ್ಪ ನೆಲ ಕೆದಕಿದರೆ ಹುಳ ಸಿಗುತ್ತದಲ್ಲ, ಅವು ಅವನ ಬೆನ್ನು ಬಿಟ್ಟು ಇಳಿಯುತ್ತಲೇ ಇರಲಿಲ್ಲ. ಬೆಳಗಾದರೆ ಒಂದೇ ಪಾಠ. ಯಜಮಾನರು ಕೆಸರಿನಲ್ಲಿ ಮೂರು ಸಲ ಉರುಳಿದರು. ನವಿಲಿಗೂ ಕಾಡುಕೋಳಿಗೂ ಜಗಳವಂತೆ. ಬೇಲಿಯ ಮಾತು ಅವುಗಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಕೇಳಿ ಕೇಳಿ ಬೇಸತ್ತ ಪ್ರಾಣಿಗಳು ಬಂಡೆಗೆ ಬರುವುದನ್ನೇ ಬಿಟ್ಟವು.

ಹಿಂದಿನ ವರ್ಷ ಅಲ್ಲಿ ಸೇರಿದ್ದವರು ಒಂಬತ್ತೇ ಜನ. ಒಂಬತ್ತು ಟೊಂಗೆ ಬಿತ್ತು. ಕೋರೆಪ್ಪ ಒಂಬತ್ತನ್ನೂ ಕಚಕಚನೆ ತಿಂದುಬಿಟ್ಟ. ತಿನ್ನಬಾರದೆಂದು ಹಿರಿಯರು ಯಾರೂ ಹೇಳಿರಲಿಲ್ಲವಲ್ಲ, ಅವರಿಗೆ ಅಷ್ಟು ನಾಚಿಕೆಗೇಡಿ ಒಬ್ಬ ಬಂದಾನೆಂದು ಹೊಳೆದಿರಲಿಲ್ಲ. ‘ಯಜಮಾನರಿಗೆ ಚೆನ್ನಾಗಿ ಹಸಿವಾಗಿತ್ತು’ ಎಂದು ಗೊರವಂಕಗಳು ಸಾರಿದವು.

ಈ ವರ್ಷ ಮುತ್ತುಗ ಅರಳಿದ ಕೂಡಲೇ ನೀಲವ್ವ ಕಾಡೆಮ್ಮೆಯ ಹತ್ತಿರ ಹೋದಳು.

“ಯಾರು ಕೂತರೂ ಅಷ್ಟೇ ನೀಲಕ್ಕ. ನಮ್ಮ ಪಾಡಿಗೆ ನಾವು ಮೇಯ್ಕೊಂಡಿರೋಣ,” ಎಂದಿತು ಕಾಡೆಮ್ಮೆ.

ಮೊಲದ ಬಳಿ ಹೋದಳು. “ನಾನೊಂದು ಕಡ್ಡಿ ತಂದು ಹಾಕಿದರೆ ಏನಾಗ್ತದಕ್ಕಾ? ಅವನ ಒಂದು ತುತ್ತಿಗೂ ಸಾಲದು,” ಎಂದಿತು ಮೊಲ.

ವಾದ ಮಾಡುವಷ್ಟು ತ್ರಾಣ ನೀಲವ್ವನಲ್ಲಿ ಇರಲಿಲ್ಲ. “ಪ್ರಶ್ನೆ ಕೇಳಬೇಡ, ಬಿಡು,” ಎಂದಳು. “ನನಗೆ ನಿಮ್ಮನ್ನೆಲ್ಲ ಆ ಬಂಡೆ ಮೇಲೆ ಒಟ್ಟಿಗೆ ನೋಡ್ಬೇಕು ಅನಿಸಿದೆ. ನಮ್ಮವ್ವನ ಕಾಲದಲ್ಲಿ ನಿಲ್ಲೋಕೆ ಜಾಗ ಇರ್ತಿರಲಿಲ್ಲ. ನಿಮ್ಮಜ್ಜಿ ನನ್ನ ಕಾಲ ಸಂದಿಯಲ್ಲಿ ಕೂತು ಕೇಳಿದ್ದಳು. ಸುಮ್ಮನೆ ಬಂದು ಪಕ್ಕದಲ್ಲಿ ನಿಂತ್ಕೊ.”

ನೀಲವ್ವ ಮುಂದಿನ ಪೊದೆಗೆ ಹೋದಳು, ಅದರ ಮುಂದಿನ ಮರಕ್ಕೂ ಹೋದಳು. ಎಲ್ಲ ಕಡೆಯೂ ಅಷ್ಟೇ ಹೇಳಿದಳು.

ಆ ದಿನ ಬೆಳಿಗ್ಗೆ ಅವಳೊಬ್ಬಳೇ ಬಂಡೆಯ ಮೇಲೆ ನಿಂತಿದ್ದಳು. ಕೆಳಗೆ ಕೋರೆಪ್ಪ ಆಕಳಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಮೊಲ ಬಂತು. ಹಿಂದೆಯೇ ಅದರ ಬಳಗ ಬಂತು. ಕಾಡೆಮ್ಮೆ, ಮುಸುವ, ಮುಳ್ಳುಹಂದಿ, ಜಗಳ ನಿಲ್ಲಿಸಿದ ನವಿಲು ಮತ್ತು ಕಾಡುಕೋಳಿ, ಒಬ್ಬರ ಹಿಂದೊಬ್ಬರು ಬಂದರು. ನಿಲ್ಲಲು ಜಾಗ ಸಾಲದಾಯಿತು. ನೀಲವ್ವನಿಗೆ ಅಳು ಬಂತು.

“ಯಜಮಾನ್ರೇ, ಉಪ್ಪಿನ ದಿಬ್ಬಕ್ಕೆ ಬೇಲಿ ಯಾಕೆ?” ಎಂದು ಕೇಳಿದಳು.

“ನಿಮ್ಮ ಒಳ್ಳೇದಕ್ಕೇ ತಾಯಿ. ಅಲ್ಲಿ ಚಿರತೆ ಕಾಟ,” ಎಂದ ಕೋರೆಪ್ಪ.

“ಬೇಲಿ ಸಂದಿಯಿಂದ ಒಳಗೆ ಹೋಗಿರೋದೆಲ್ಲ ಹಂದಿಯ ಹೆಜ್ಜೆ ಗುರುತು. ಅದು ಹೇಗೆ?”

ಕೋರೆಪ್ಪ ಇನ್ನೊಮ್ಮೆ ಆಕಳಿಸಿದ. ಟೊಂಗೆ ಬೀಳತೊಡಗಿದವು. ಅವನು ನಗುತ್ತಾ ಹತ್ತು ತಿಂದ, ಇಪ್ಪತ್ತು ತಿಂದ. ಐವತ್ತಕ್ಕೆ ನಗು ನಿಂತಿತು. ಹೊಟ್ಟೆ ಉಬ್ಬಿ ಉಸಿರು ಮೇಲೆ ಕೆಳಗೆ ಆಯಿತು. ಸೊಪ್ಪು ಕೋರೆ ದಾಟಿತು, ಹೊತ್ತು ನೆತ್ತಿಗೇರುವಷ್ಟರಲ್ಲಿ ಕಣ್ಣು ದಾಟಿತು. ಕೂರಲು ಬೆನ್ನೇ ಕಾಣದೆ ಗೊರವಂಕಗಳು ಹಾರಿ ಬಂಡೆಗೆ ಬಂದವು. ಅಲ್ಲಿಂದ ನೋಡಿ, ಕಂಡದ್ದನ್ನು ಕಂಡ ಹಾಗೆ ಕೂಗಿದವು: ಯಜಮಾನರ ಮುಖ ಕಾಣಿಸುತ್ತಿಲ್ಲ.

ಎಲ್ಲರೂ ಸೇರಿ ಬೇಲಿ ಕಿತ್ತರು. ಒಳಗೆ ದಿಬ್ಬ ಇರಲಿಲ್ಲ. ಕೋರೆಪ್ಪನ ಬಳಗ ನಾಲ್ಕು ವರ್ಷ ಅಗೆದು ತಿಂದು ಹೊಂಡ ಮಾಡಿತ್ತು. ಒಂದು ಅಂಚಿನಲ್ಲಿ ಮಾತ್ರ ಮೊಳದಷ್ಟು ಬಿಳಿಮಣ್ಣು ಉಳಿದಿತ್ತು.

ದೊಡ್ಡವರೆಲ್ಲ ಸುಮ್ಮನೆ ಹಿಂದೆ ಸರಿದು ಮರಿಗಳನ್ನು ಮುಂದೆ ಬಿಟ್ಟರು. ನೀಲವ್ವನ ಮರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಮೂತಿಯಿಂದ ಅದನ್ನು ಮಣ್ಣಿನ ಕಡೆ ತಳ್ಳಿದಳು. ಮರಿ ಒಮ್ಮೆ ನೆಕ್ಕಿತು, ಕಿವಿ ನೆಟ್ಟಗೆ ಮಾಡಿತು, ಮತ್ತೆ ತಲೆ ಎತ್ತಲೇ ಇಲ್ಲ. ನೀಲವ್ವನ ಬಾಯಲ್ಲಿ ನೀರೂರಿತು. ಅವಳು ನುಂಗಿಕೊಂಡು ಅಲ್ಲೇ ನಿಂತಳು.

ನೀತಿ: ಅಧಿಕಾರದಲ್ಲಿ ಇರುವವರನ್ನು ಕೇಳಬೇಕಾದ ದಿನ ನಾವು ಮನೆಯಲ್ಲಿ ಉಳಿದರೆ, ಅವರು ತಿಂದು ಬಿಟ್ಟಷ್ಟೇ ನಮ್ಮ ಮಕ್ಕಳ ಪಾಲು.