ಹತ್ತಿಯ ಹಿಮದಡಿಯ ಹುಲ್ಲು

ಬೆತ್ಲೆಹೇಮಿನಲ್ಲಿ ಯೇಸುವನ್ನು ಮಲಗಿಸಿದ ಗೋದಲಿ ಕಟ್ಟಿದ ಬಡಗಿ ನಮ್ಮ ಮುತ್ತಜ್ಜ. ಸುಳ್ಳು ಬಿಡಿ, ನಮ್ಮ ವಂಶದಲ್ಲಿ ಯಾರಿಗೂ ಮೊಳೆ ಹೊಡೆಯಲು ಬರುವುದಿಲ್ಲ.

ನಮ್ಮೂರ ಚರ್ಚಿನ ಗೋದಲಿಗೆ ಭತ್ತದ ಹುಲ್ಲು ಬಂತು. ಬಾಲಯೇಸುವನ್ನು ಮೈಮೇಲೆ ಮಲಗಿಸಿಕೊಳ್ಳಬೇಕೆಂಬುದೊಂದೇ ಅದರ ಆಸೆ. ಆದರೆ ಅಲಂಕಾರದವರು ಅದರ ಮೇಲೆ ಹಿಮವೆಂದು ಹತ್ತಿ ಹರಡಿದರು.

"ತುಸು ಸರಿಯಿರಿ ಹತ್ತಿಯಮ್ಮ, ಮಗು ಬರುವ ಹೊತ್ತು," ಎಂದಿತು ಹುಲ್ಲು.

"ಹಿಮವಿಲ್ಲದೆ ಕ್ರಿಸ್ಮಸ್ಸೇ?" ಎಂದಿತು ಹತ್ತಿ.

"ಈ ಸೆಕೆಯ ಊರಲ್ಲಿ ಹಿಮ ಕಂಡವರು ಯಾರು?"

"ಗ್ರೀಟಿಂಗ್ ಕಾರ್ಡಿನಲ್ಲಿ ಎಲ್ಲರೂ ಕಂಡಿದ್ದಾರೆ."

ಪಾದ್ರಿಗಳು ಬಂದು ಮಗುವನ್ನು ಹತ್ತಿಯ ಮೇಲೆಯೇ ಮಲಗಿಸಿದರು. ಹುಲ್ಲಿಗೆ ಭಾರ ತಿಳಿಯಿತು, ಮುಖ ಕಾಣಲಿಲ್ಲ.

"ಹುಲ್ಲಿನ ವಾಸನೆ ಬರುತ್ತಿದೆ. ಎಲ್ಲಿದ್ದೀಯ?" ಎಂದು ಮಗು ಕೇಳಿತು.

"ಅಡಿಯಲ್ಲೇ ಇದ್ದೇನೆ, ಕಂದಾ."

ನೋಡಲು ಬಂದು ಹಿಮ ಹೊಗಳುವವರ ಗದ್ದಲದಲ್ಲಿ ಆ ಮಾತು ಮಗುವಿಗೆ ಕೇಳಿಸಲಿಲ್ಲ. ಎಲ್ಲಿದ್ದೀಯ ಎಂದು ಮಗು ಇನ್ನೂ ಕೇಳುತ್ತಲೇ ಇದೆ.

ಕತೆ ಹೇಳಿದ್ದಕ್ಕೆ ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ, ಮಾರಾಯರೇ.