ಸೀರೆ ವ್ಯಾಪಾರಿ ಹಿಮದ ಊರು ಆರಿಸಿದ್ದು

"ಗುರುಗಳೇ, ಬಂದವರಿಗೆಲ್ಲ ನಾನು ಒಳ್ಳೆಯದನ್ನೇ ಯೋಚಿಸಿ ಆರಿಸಿ ಕೊಡುತ್ತೇನೆ. ಆದರೂ ಕೆಲವರ ಮುಖ ಅರಳುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದು ಅವರಿಗೆ ಯಾಕೆ ಮುಟ್ಟುವುದಿಲ್ಲ?"

ಹೀಗೆ ಕೇಳಿದವನು ಮಠದ ಅತಿಥಿಗೃಹ ನೋಡಿಕೊಳ್ಳುವ ಶಿಷ್ಯ. ಯಾರಿಗೆ ಯಾವ ಕೋಣೆ, ಯಾರಿಗೆ ಎಷ್ಟು ಹೊತ್ತಿಗೆ ಊಟ ಎಂಬುದೆಲ್ಲ ಅವನದೇ ತೀರ್ಮಾನ. ಕೆಲಸದಲ್ಲಿ ಚುರುಕು, ಮನಸ್ಸು ಒಳ್ಳೆಯದು, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಅಂಗಡಿಗೆ ಬಂದ ಹೆಂಗಸರನ್ನು ಅವನು ಏನು ಬೇಕೆಂದು ಕೇಳುತ್ತಿರಲಿಲ್ಲ. ಮುಖ ನೋಡುತ್ತಿದ್ದ, ಮೈಬಣ್ಣ ನೋಡುತ್ತಿದ್ದ, ಜೊತೆಗೆ ಬಂದವರು ಯಾರೆಂದು ನೋಡುತ್ತಿದ್ದ. ಆಮೇಲೆ ಗಾದಿಯ ಮೇಲೆ ಒಂದೇ ಒಂದು ಸೀರೆ ಬಿಡಿಸುತ್ತಿದ್ದ. ಹತ್ತರಲ್ಲಿ ಒಂಬತ್ತು ಜನ ಅದನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದರು. ಕೇಳಿ ಕೊಡುವ ಕೆಲಸ ಯಾರು ಬೇಕಾದರೂ ಮಾಡಿಯಾರು ಎಂದು ಅವನು ಬೀಗುತ್ತಿದ್ದ. ಹತ್ತನೆಯವಳು ಪಕ್ಕದ ಅಂಗಡಿಗೆ ಹೋಗುತ್ತಿದ್ದಳು. ಆ ಸುದ್ದಿ ಇವನ ಕಿವಿಗೆ ಬೀಳುತ್ತಿರಲಿಲ್ಲ, ಬಿಡು.

ಅವನಿಗೆ ಹೆಂಡತಿ, ಹದಿನೇಳು ತುಂಬಿದ ಮಗಳು, ಹದಿನಾಲ್ಕರ ಮಗ. ಹಿಂದೊಮ್ಮೆ ಉತ್ತರದ ಬೆಟ್ಟಗಳಿಗೆ ಪ್ರವಾಸ ಹೋದಾಗ ಮಕ್ಕಳಿಗೆ ಸ್ಕೀಯಿಂಗಿನ ರುಚಿ ಹತ್ತಿತು. ಕಾಲಿಗೆ ಉದ್ದನೆಯ ಎರಡು ಪಟ್ಟಿ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಅಪ್ಪನೂ ಬಿದ್ದು ಎದ್ದು ಕಲಿತ. ಹೆಂಡತಿ ಮೊದಲನೆಯ ದಿನವೇ ಬಿದ್ದು ಮೊಣಕಾಲು ತಿರುಚಿಕೊಂಡಳು. ಇನ್ನು ಆ ಆಟದ ತಂಟೆಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದರು.

ಮಗಳ ಪಿಯುಸಿ ಪರೀಕ್ಷೆ ಮುಗಿದ ವರ್ಷ ಮತ್ತೆ ಹಿಮದ ಬೆಟ್ಟಕ್ಕೆ ಹೋಗುವುದೆಂದಾಯಿತು. ಜೂನಿನಲ್ಲಿ ಮಗಳು ದೂರದ ಕಾಲೇಜಿಗೆ ಸೇರುವವಳು, ಹಾಸ್ಟೆಲಿನಲ್ಲಿ ಇರುವವಳು. ನಾಲ್ವರೂ ಒಟ್ಟಿಗೆ ಕಳೆಯುವ ರಜೆ ಬಹುಶಃ ಇದೇ ಕೊನೆಯದು ಎಂದು ತಾಯಿಗೆ ಅನ್ನಿಸಿತ್ತು. ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಹೊರಟರೆ ಅಳು ಬರುತ್ತಿತ್ತು.

ಯುಗಾದಿ ಕಳೆದ ಮೇಲೆ ತಗ್ಗಿನ ಬೆಟ್ಟಗಳಲ್ಲಿ ಹಿಮ ಕರಗಿ ಕೆಸರಾಗಿರುತ್ತದೆ. ಎತ್ತರದ ಹಿಮಕ್ಕೆ ಹತ್ತಿರ ಎರಡೇ ಊರು ಉಳಿದವು. ಒಂದು, ಮೇಲೆ ಬೆಟ್ಟದ ನೆತ್ತಿಯ ಕೆಳಗಿದ್ದ ಪುಟ್ಟ ಹಳ್ಳಿ. ಅಲ್ಲಿ ನಾಲ್ಕು ಮರದ ಮನೆ, ಒಂದು ಚಹಾದ ಅಂಗಡಿ. ಇಳಿಜಾರು ನೇರವಾಗಿ ಆ ಮನೆಗಳ ಜಗಲಿಯ ಮುಂದೆ ಬಂದು ನಿಲ್ಲುತ್ತಿತ್ತು. ಇನ್ನೊಂದು, ಕಣಿವೆಯಲ್ಲಿದ್ದ ಪಟ್ಟಣ. ಅಲ್ಲಿ ಬಿಸಿನೀರಿನ ಕುಂಡ, ಹಳೆಯ ದೇವಸ್ಥಾನ, ಶಾಲು ಮಾರುವ ಬಜಾರು. ಆಡುವ ಜಾಗಕ್ಕೆ ಮಾತ್ರ ಜೀಪಿನಲ್ಲಿ ಹೋಗಿ, ಅಲ್ಲಿಂದ ರೋಪ್‌ವೇ ಹಿಡಿದು ಮೇಲೇರಬೇಕು.

ಮಕ್ಕಳಿಗೆ ಹಿಮ ಇದ್ದರೆ ಸಾಕಿತ್ತು, ಎರಡಕ್ಕೂ ಹೂಂ ಎಂದರು. ವ್ಯಾಪಾರಿ ಎರಡೂ ಊರಿನ ಫೋಟೋಗಳನ್ನು ಮನೆಯವರಿಗೆ ತೋರಿಸಿದ. ಹೆಂಡತಿ ಹಳ್ಳಿಯ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದಳು.

"ಈ ಜಗಲಿ ಚೆನ್ನಾಗಿದೆ, ಅಲ್ವಾ?" ಎಂದಳು.

ವ್ಯಾಪಾರಿಗೆ ಎದೆ ತುಂಬಿ ಬಂತು. ನಮ್ಮ ಆಟಕ್ಕೋಸ್ಕರ ಇವಳು ತನ್ನ ಸುಖ ಬಿಡಲು ಹೊರಟಿದ್ದಾಳೆ ಎಂದುಕೊಂಡ. "ನಾವು ಮೂರು ಜನ ಕುಣಿಯೋದು, ನೀನು ದಿನಪೂರ್ತಿ ಜಗಲಿ ಮೇಲೆ ಕಾವಲು ಕೂರೋದಾ? ಅದೆಲ್ಲ ಆಗಲ್ಲ. ನಿನಗೂ ಒಂದು ರಜೆ ಬೇಕು," ಎಂದು ಪಟ್ಟಣದಲ್ಲೇ ಕೋಣೆ ಗೊತ್ತುಮಾಡಿದ. ಕೇಳಿದ ಬಂಧುಗಳೆಲ್ಲ, ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದರು. ಆಕೆಯೂ ಹೌದೆಂದು ತಲೆಯಾಡಿಸಿದಳು. ಅದು ಸುಳ್ಳೂ ಆಗಿರಲಿಲ್ಲ.

ಆರು ದಿನದ ರಜೆ. ಆ ಕಾಲದ ಹಿಮ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನಕ್ಕೆ ಅಂಬಲಿ. ಆದ್ದರಿಂದ ಮೂವರೂ ನಸುಕಿನಲ್ಲೇ ಹೊರಡುತ್ತಿದ್ದರು. ಮಧ್ಯಾಹ್ನ ಹಿಮ ಮೆತ್ತಗಾದರೆ ಇನ್ನೂ ಮೇಲಿನ ಇಳಿಜಾರಿಗೆ ಹೋಗುತ್ತಿದ್ದರು. ಸಂಜೆ ತಿರುಗಿ ಬಂದಾಗ ಮಕ್ಕಳಿಗೆ ತಟ್ಟೆಯ ಮುಂದೆಯೇ ಕಣ್ಣು ಮುಚ್ಚಿ ಹೋಗುತ್ತಿತ್ತು. "ಮೇಲೆ ಜಾರುತ್ತೆ, ನಿನ್ನ ಮೊಣಕಾಲು ಜೋಪಾನ, ಅಲ್ಲಿಗೆ ಬರೋ ಸಾಹಸ ಮಾಡಬೇಡ," ಎಂದು ವ್ಯಾಪಾರಿ ಮೊದಲ ದಿನವೇ ಹೆಂಡತಿಗೆ ಹೇಳಿದ್ದ. ಆಕೆ ಕುಂಡದಲ್ಲಿ ಮಿಂದಳು, ದೇವಸ್ಥಾನ ನೋಡಿದಳು, ಅತ್ತಿಗೆಗೊಂದು ಶಾಲು ತಂದಳು. ಊರಿನಿಂದ ಮಾಡಿ ತಂದ ನಿಪ್ಪಟ್ಟಿನ ಡಬ್ಬಿ ಮುಚ್ಚಿದ ಹಾಗೆಯೇ ಇತ್ತು.

ಐದನೆಯ ದಿನ ವ್ಯಾಪಾರಿಗೆ ಬೂಟು ಕಚ್ಚಿ ಹಿಮ್ಮಡಿ ಸುಲಿಯಿತು. ಮಕ್ಕಳನ್ನು ತರಬೇತಿ ಕೊಡುವವನ ಜೊತೆ ಬಿಟ್ಟು ಮಧ್ಯಾಹ್ನವೇ ರೋಪ್‌ವೇಯಲ್ಲಿ ಕೆಳಗೆ ಬಂದ. ಇಳಿದು ನೋಡುತ್ತಾನೆ, ಹೆಂಡತಿ ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಳೆ. ಮೇಲಿನಿಂದ ಬಂದವರನ್ನು ನಿಲ್ಲಿಸಿ ಹರಕು ಮುರುಕು ಹಿಂದಿಯಲ್ಲಿ ಕೇಳುತ್ತಿದ್ದಾಳೆ, ಹಳದಿ ಟೋಪಿಯ ಹುಡುಗಿಯನ್ನು ಕಂಡಿರಾ, ಚೆನ್ನಾಗಿ ಆಡುತ್ತಿದ್ದಾಳಾ, ಜೊತೆಗಿರುವ ಹುಡುಗ ಬಿದ್ದನಾ ಎಂದು. ಈ ಅಮ್ಮ ಮೂರು ದಿನದಿಂದ ಬರುತ್ತಿದ್ದಾರೆ ಎಂದು ಟಿಕೆಟ್ ಹರಿಯುವವನು ಹೇಳಿದ.

"ಇಲ್ಲಿ ಚಳೀಲಿ ಯಾಕೆ ಕೂತಿದೀಯ? ಕುಂಡಕ್ಕೆ ಹೋಗಲಿಲ್ವಾ?"

"ದಿನಕ್ಕೆ ಎಷ್ಟು ಸಲ ಮೀಯಲಿ?" ಎಂದು ಆಕೆ ನಕ್ಕಳು. "ಇಲ್ಲೇ ಚೆನ್ನಾಗಿದೆ. ನಿನ್ನೆ ಒಬ್ರು ಹೇಳಿದ್ರು, ನಮ್ಮ ಹುಡುಗಿ ಅಷ್ಟು ಎತ್ತರದಿಂದ ಒಂದು ಸಲವೂ ಬೀಳದೆ ಬಂದ್ಲಂತೆ."

ವ್ಯಾಪಾರಿ ಬೆಂಚಿನ ಮೇಲೆ ಆಕೆಯ ಪಕ್ಕ ಕೂತ. ಮಗಳು ಬೀಳದೆ ಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಇವಳು ಅದನ್ನು ದಾರಿಹೋಕರ ಬಾಯಿಂದ ಕೇಳಿ ತಿಳಿದಿದ್ದಳು.

"ನಿನಗೆ ಆ ಹಳ್ಳಿಯೇ ಬೇಕಿತ್ತು ಅಂತ ಬಿಡಿಸಿ ಹೇಳಬಾರದಿತ್ತಾ?"

"ನನಗೋಸ್ಕರ ಅಂತ ಅಷ್ಟು ಆಸೆಯಿಂದ ಊರು ಹುಡುಕಿದ್ರಿ. ಬೇಡ ಅನ್ನೋಕೆ ಬಾಯೇ ಬರಲಿಲ್ಲ."

ಆಗ ವ್ಯಾಪಾರಿ ಎಂದೂ ಮಾಡದ ಕೆಲಸ ಮಾಡಿದ. "ನಾಳೆ ಇನ್ನೊಂದು ದಿನ ಇದೆ. ನಿನಗೇನು ಬೇಕು, ಹೇಳು," ಎಂದು ಕೇಳಿದ. ಹಾಗೆ ಯಾರಾದರೂ ಕೇಳಿ ಆಕೆಗೆ ಅಭ್ಯಾಸವಿರಲಿಲ್ಲ, ಪಾಪ.

"ಮೇಲೆ ನನಗೊಂದು ಕುರ್ಚಿ ಹಾಕಿಸಿ," ಎಂದಳು.

ಮರುದಿನ ವ್ಯಾಪಾರಿ ಹೆಂಡತಿಯ ಕೈ ಹಿಡಿದು ಮೇಲೆ ಕರೆದುಕೊಂಡು ಹೋದ. ಹೆಜ್ಜೆ ಹೆಜ್ಜೆಗೂ ಹುಷಾರು, ಹುಷಾರು ಎಂದು ಆಕೆಯ ತಲೆ ತಿಂದ. ಚಹಾ ಮಾರುವವನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ಪಡೆದು ಇಳಿಜಾರಿನ ಬುಡದಲ್ಲಿ ಹಾಕಿದ. ಎರಡು ಕಂಬಳಿ ಹೊದಿಸಿದ. ಮಗಳು ಮೇಲಿನಿಂದ ಜಾರಿ ಬರುತ್ತಾ ಅಮ್ಮನನ್ನು ಕಂಡಳು. ಕಂಡವಳೇ ಕಾಲು ಮರೆತಳು, ಐದು ದಿನ ಬೀಳದವಳು ಅಮ್ಮನ ಎದುರಿಗೇ ಮೂಟೆಯಂತೆ ಉರುಳಿದಳು. ಬಿದ್ದಲ್ಲೇ ನಗತೊಡಗಿದಳು. ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮಕ್ಕಳು ಮತ್ತೆ ಮತ್ತೆ ಹತ್ತಿದರು, ಮತ್ತೆ ಮತ್ತೆ ಇಳಿದರು. ಪ್ರತಿ ಸಲವೂ ಆಕೆ ಇನ್ನೊಂದು ಸಲ ಎನ್ನುತ್ತಿದ್ದಳು. ಬೆಳಿಗ್ಗೆ ಹತ್ತು ಗಂಟೆಯೊಳಗೆ ನಿಪ್ಪಟ್ಟಿನ ಡಬ್ಬಿ ಖಾಲಿಯಾಯಿತು.

ಹೊರಡುವ ಹೊತ್ತಿಗೆ ಮಗಳು ಅಮ್ಮನ ಕೊರಳಿಗೆ ಜೋತುಬಿದ್ದು, "ಮೊದಲ ದಿನದಿಂದಲೇ ಯಾಕಮ್ಮ ಬರಲಿಲ್ಲ?" ಎಂದು ಕೇಳಿದಳು. ತಾಯಿ ಅವಳ ಟೋಪಿ ಸರಿಮಾಡಿದಳು. ವ್ಯಾಪಾರಿ ಕುರ್ಚಿಯನ್ನು ಎತ್ತಿಕೊಂಡು ಚಹಾ ಮಾರುವವನಿಗೆ ಮರಳಿಸಲು ಹೋದ. ಕಳೆದ ಐದು ದಿನಗಳನ್ನು ಎಲ್ಲಿಂದ ತಂದು ಕೊಡುವುದೆಂದು ಅವನಿಗೆ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ವ್ಯಾಪಾರಿಯ ಮೇಲೆ ಕನಿಕರ ಉಕ್ಕಿತ್ತು. ಕನಿಕರದ ಹಿಂದೆಯೇ ಕೋಪವೂ ಬಂತು.

"ಏನೇ ಹೇಳಿ ಗುರುಗಳೇ, ತಪ್ಪು ಆಕೆಯದೂ ಇದೆ. ಆತನಾದರೂ ಪ್ರೀತಿಯಿಂದಲೇ ಮಾಡಿದ. ಬೇಡವಾದದ್ದನ್ನು ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಹೇಳಲು ಯಾರಿಗಾದರೂ ಏನು ಕಷ್ಟ?"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು:

"ಏಳು ವರ್ಷದಿಂದ ದಿನಾ ಸಂಜೆ ನೀನು ಅಷ್ಟು ಪ್ರೀತಿಯಿಂದ ತಂದುಕೊಡುವ ಬಿಸಿ ಹಾಲು ನನಗೆ ಸೇರುವುದಿಲ್ಲ, ಮಗು."