ಕೂಗದೆ ಕೂರಲು ಕಲಿತ ಕಪ್ಪೆ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಂಡು ಕೇಳಿ. ಒಂದು ಕೆರೆಯ ದಂಡೆಯಲ್ಲಿ ಗೊರವಂಕ ಮೇಷ್ಟ್ರು ಕಪ್ಪೆಗೆ ಇಂಗ್ಲಿಷ್ ಓದಿಸುತ್ತಿದ್ದರು. ಚಾಕುವಿಗೆ ಇಂಗ್ಲಿಷಿನವರು ನೈಫ್ ಅಂತಾರೆ. ಬರೆಯುವಾಗ ಮುಂದೆ ಒಂದು ಕೆ ಅಕ್ಷರ ಇಡ್ತಾರೆ, ಓದುವಾಗ ಅದನ್ನು ಹೇಳೋದಿಲ್ಲ. ನಮ್ಮ ಕಪ್ಪೆಯೋ, ಗಂಟಲು ಉಬ್ಬಿಸಿ "ಕ್ನೈಫ್!" ಅಂತ ಕೂಗಿತು.

"ಅಯ್ಯೋ ಮಾರಾಯ, ಆ ಕೆ ಸುಮ್ಮನೆ ಕೂತಿರುತ್ತೆ," ಅಂದರು ಮೇಷ್ಟ್ರು.

"ಸುಮ್ಮನೆ ಕೂರೋದಕ್ಕೆ ಬಂದದ್ದಾದರೂ ಯಾಕೆ ಮೇಷ್ಟ್ರೇ? ನಮ್ಮ ಕನ್ನಡದಲ್ಲಿ ಬಂದವರೆಲ್ಲ ಬಾಯಿ ಬಿಡ್ತಾರಪ್ಪ!"

ಅಷ್ಟರಲ್ಲಿ ಹಾವು ಬಂತು. ಮೇಷ್ಟ್ರು ಮರಕ್ಕೆ ಹಾರಿದರು, ಕಪ್ಪೆ ತಾವರೆ ಎಲೆಯಡಿ ಅವಿತುಕೊಂಡಿತು.

"ಒಳಗೆ ಯಾರೂ ಇಲ್ಲದಿದ್ದರೆ, ಇಲ್ಲ ಅಂತಾದ್ರೂ ಹೇಳ್ರಪ್ಪಾ!" ಅಂತು ಹಾವು.

ಉತ್ತರ ಕಪ್ಪೆಯ ನಾಲಿಗೆ ತುದಿಗೇ ಬಂದುಬಿಟ್ಟಿತ್ತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿತು. ಕಾದು ಕಾದು ಸಾಕಾಗಿ ಹಾವು ಹೊರಟುಹೋಯಿತು.

ಕಪ್ಪೆ ಹೊರಗೆ ಬಂದು ನಕ್ಕಿತು. "ಮೇಷ್ಟ್ರೇ, ಇದ್ದೂ ಸುಮ್ಮನಿರೋದು ಎಷ್ಟು ಕಷ್ಟದ ಕೆಲಸ! ಪಾಪ, ಆ ಕೆ ಇದನ್ನ ದಿನಾ ಮಾಡುತ್ತಲ್ಲ!"

ಹಾವು ಆವತ್ತು ಉಪವಾಸ ಮಲಗಿತು. ಮೇಷ್ಟ್ರ ಹತ್ತಿರ ಇನ್ನೂ ಹತ್ತು ಕಪ್ಪೆ ಪಾಠಕ್ಕೆ ಬಂದವು. ನಮ್ಮ ಕಪ್ಪೆ ಈಗ ಸರಿಯಾಗಿ ನೈಫ್ ಅನ್ನುತ್ತೆ. ಅನ್ನೋ ಮುಂಚೆ ಆ ಕೆಗೆ ಕೈಮುಗಿಯುತ್ತೆ, ಬಾಯಿ ಬಿಡದೆ.